ಒಂದೇ ದಿನಚರಿ, ಎರಡು ಬೆಳವಣಿಗೆ: ಅವಳಿ ಮಕ್ಕಳ ಮೊದಲ ವರ್ಷದ ನನ್ನ ಅನುಭವ

ಅವಳಿ ಮಕ್ಕಳಿರುವ ಮನೆಯಲ್ಲಿ ಒಂದಕ್ಕೊಂದು ವಿರುದ್ಧವೆನಿಸುವ ಎರಡು ಪದ್ಧತಿಗಳು ಒಟ್ಟಿಗೇ ನಡೆಯಬೇಕಾಗುತ್ತದೆ. ಹಾಲು, ನಿದ್ದೆ, ಸ್ನಾನ, ಔಷಧಿಯ ಹೊತ್ತು ಇಬ್ಬರಿಗೂ ಒಂದೇ ಆಗಿರಬೇಕು. ಇಲ್ಲವಾದರೆ ತಾಯಿಗೆ ಒಂದು ಗಂಟೆಯೂ ಕಣ್ಣು ಮುಚ್ಚಲು ಆಗುವುದಿಲ್ಲ. ಬೆಳವಣಿಗೆಯ ಲೆಕ್ಕವನ್ನು ಮಾತ್ರ ಇಬ್ಬರಿಗೂ ಬೇರೆ ಬೇರೆಯಾಗಿಯೇ ಇಡಬೇಕು. ನನ್ನ ಮಗಳು ಮತ್ತು ಮಗ ಈಗ ಒಂದೂವರೆ ವರ್ಷ ದಾಟಿದ್ದಾರೆ. ನಾನು ಮೈಸೂರಿನಲ್ಲಿ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ. ಮನೆಯಲ್ಲಿ ನನ್ನ ಯಜಮಾನರು ಮತ್ತು ಅತ್ತೆ ಇದ್ದಾರೆ. ಬಾಣಂತನದ ತಿಂಗಳುಗಳಲ್ಲಿ ನನ್ನ ಅಮ್ಮನೂ ಮಂಡ್ಯದಿಂದ ಬಂದು ನಮ್ಮಲ್ಲೇ ಉಳಿದಿದ್ದರು. ಅವಳಿ ಮಕ್ಕಳನ್ನು ಎದುರುನೋಡುತ್ತಿರುವ ಮನೆಗಳಿಗೆ ಉಪಯೋಗವಾಗಬಹುದೆಂದು ನಾವು ಈ ಕಾಲವನ್ನು ಹೇಗೆ ನಡೆಸಿದೆವೆಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮಕ್ಕಳು ಹುಟ್ಟಿದ್ದು 35 ವಾರ ತುಂಬಿದಾಗ. ಮಗಳು 2.1 ಕೆ.ಜಿ., ಮಗ 1.8 ಕೆ.ಜಿ. ಇದ್ದರು. 37 ವಾರಕ್ಕೆ ಮೊದಲು ಹುಟ್ಟಿದರೆ ಅವಧಿಪೂರ್ವ ಜನನವೆಂದೂ 2.5 ಕೆ.ಜಿ.ಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗುವೆಂದೂ ಕರೆಯುತ್ತಾರೆ. ನಮ್ಮ ಇಬ್ಬರೂ ಎರಡೂ ಗುಂಪಿಗೆ ಸೇರಿದವರೇ. ಅವಳಿಗಳಲ್ಲಿ ಇದು ಅಪರೂಪವೇನಲ್ಲ, ಬೇಗ ಹೆರಿಗೆಯಾಗುವ ಸಾಧ್ಯತೆ ಅವಳಿ ಬಸಿರಿನಲ್ಲಿ ಹೆಚ್ಚೇ ಇರುತ್ತದೆ. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಮಕ್ಕಳ ವೈದ್ಯರು ಇಬ್ಬರ ಕಡತದ ಮೇಲೂ ಎರಡೆರಡು ದಿನಾಂಕ ಬರೆದುಕೊಟ್ಟರು: ಒಂದು ಹುಟ್ಟಿದ ದಿನ, ಇನ್ನೊಂದು 40 ವಾರ ತುಂಬಿ ಹೆರಿಗೆಯಾಗಬೇಕಿದ್ದ ದಿನ. ಲಸಿಕೆಗೆ ಮೊದಲನೆಯದನ್ನು ಹಿಡಿಯಿರಿ. ನಗು, ಕುತ್ತಿಗೆ ನಿಲ್ಲುವುದು, ಕೂರುವುದು, ನಡೆಯುವುದು ಇವಕ್ಕೆಲ್ಲ ಎರಡನೆಯದರಿಂದ ಎಣಿಸಿ ಎಂದರು. ಎರಡನೆಯ ದಿನಾಂಕದಿಂದ ಎಣಿಸುವ ವಯಸ್ಸಿಗೆ ತಿದ್ದಿದ ವಯಸ್ಸು ಎನ್ನುತ್ತಾರೆ, ಸಾಮಾನ್ಯವಾಗಿ ಎರಡು ವರ್ಷದವರೆಗೆ ಅದನ್ನೇ ಅನುಸರಿಸುತ್ತಾರೆ. ನಮ್ಮ ಮಕ್ಕಳಿಗೆ ವ್ಯತ್ಯಾಸ ಐದು ವಾರ. ಕ್ಯಾಲೆಂಡರಿನ ಪ್ರಕಾರ ಎರಡು ತಿಂಗಳಾದ ಮಗುವಿನಿಂದ ನಾವು ನಿರೀಕ್ಷಿಸಬೇಕಾದದ್ದು ಒಂದು ತಿಂಗಳೂ ತುಂಬದ ಮಗುವಿನ ನಡವಳಿಕೆಯನ್ನು ಎಂಬುದು ಗೊತ್ತಿಲ್ಲದಿದ್ದರೆ, ಮೊದಲ ವರ್ಷವೆಲ್ಲ ಭಯದಲ್ಲೇ ಕಳೆದುಹೋಗುತ್ತದೆ.

ಮೊದಲ ವಾರಗಳಲ್ಲಿ ನಮಗೆ ಅತ್ಯಂತ ಉಪಕಾರ ಮಾಡಿದ್ದು ಕಾಂಗರೂ ಆರೈಕೆ. ಮಗುವಿಗೆ ಟೋಪಿ, ಕಾಲುಚೀಲ, ಲಂಗೋಟಿ ಬಿಟ್ಟು ಬೇರೇನೂ ತೊಡಿಸದೆ ತಾಯಿಯ ಅಥವಾ ತಂದೆಯ ಬರಿ ಎದೆಗೆ ನೇರವಾಗಿ ಒರಗಿಸಿ, ಮೇಲೆ ಬಟ್ಟೆ ಸುತ್ತಿ ಹಿಡಿದಿಡುವ ಈ ಕ್ರಮ ಕೊಲಂಬಿಯಾದ ಬೊಗೋಟಾದಲ್ಲಿ 1970ರ ದಶಕದ ಕೊನೆಯಲ್ಲಿ, ಇನ್‌ಕ್ಯುಬೇಟರುಗಳು ಸಾಲದೆ ಹೋದಾಗ ಆರಂಭವಾಯಿತು. ಇವತ್ತು ವಿಶ್ವ ಆರೋಗ್ಯ ಸಂಸ್ಥೆಯೇ, 2022ರ ತನ್ನ ಶಿಫಾರಸಿನಲ್ಲಿ, ಕಡಿಮೆ ತೂಕದ ಮತ್ತು ಅವಧಿಗೆ ಮೊದಲು ಹುಟ್ಟಿದ ಮಕ್ಕಳಿಗೆ ದಿನಕ್ಕೆ 8ರಿಂದ 24 ಗಂಟೆ ಇದನ್ನು ಕೊಡಬೇಕೆಂದು ಹೇಳುತ್ತದೆ. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲಿಯೂ ಇದನ್ನು ಸರ್ಕಾರಿ ಆಸ್ಪತ್ರೆ ಮತ್ತು ಮನೆಗಳ ಮಟ್ಟದಲ್ಲಿ ವ್ಯಾಪಕವಾಗಿ ಜಾರಿಗೆ ತಂದು ಅಧ್ಯಯನ ಮಾಡಲಾಗಿದೆ. ಅವಳಿಗಳಿದ್ದಾಗ ಇದರಲ್ಲಿ ಇನ್ನೂ ಒಂದು ಲಾಭವಿದೆ: ತಂದೆಗೆ ಮೊದಲ ದಿನದಿಂದಲೇ ನಿಜವಾದ ಕೆಲಸ ಸಿಗುತ್ತದೆ. ಒಬ್ಬರು ನನ್ನ ಎದೆಯ ಮೇಲೆ ಇದ್ದರೆ ಇನ್ನೊಬ್ಬರು ಅವರ ಎದೆಯ ಮೇಲೆ ಇರುತ್ತಿದ್ದರು, ಪಾಳಿಗೊಮ್ಮೆ ಬದಲಾಯಿಸುತ್ತಿದ್ದೆವು. ಮಗನ ಪಾದಗಳನ್ನು ಅಂಗೈಯಲ್ಲಿ ಹಿಡಿದು ನೋಡುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತು. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಮಗುವಿಗೆ ಚಳಿ ತಗಲುತ್ತಿದೆ ಎಂದು ಅರ್ಥವೆಂದು ದಾದಿಯೊಬ್ಬರು ಕಲಿಸಿದ್ದರು. ಬೆಳ್ಳುಳ್ಳಿ ಎಸಳಿನಷ್ಟಿದ್ದ ಆ ಹೆಬ್ಬೆರಳುಗಳು ಬೆಚ್ಚಗಾಗುವವರೆಗೆ ಅವರು ಏಳುತ್ತಿರಲಿಲ್ಲ.

ಹಾಲುಣಿಸುವುದರ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕು, ಏಕೆಂದರೆ ಅವಳಿ ಮಕ್ಕಳ ತಾಯಿಗೆ ಸುತ್ತಲಿನವರು ಮೊದಲು ಹೇಳುವ ಮಾತೇ “ಇಬ್ಬರಿಗೂ ನಿನ್ನ ಹಾಲು ಸಾಲುವುದಿಲ್ಲ” ಎಂಬುದು. ಹಾಲು ಎಷ್ಟು ಖಾಲಿಯಾಗುತ್ತದೆಯೋ ಅಷ್ಟು ಮತ್ತೆ ಉತ್ಪತ್ತಿಯಾಗುತ್ತದೆ. ಎರಡು ಮಕ್ಕಳು ಕುಡಿದರೆ ದೇಹ ಎರಡು ಮಕ್ಕಳ ಲೆಕ್ಕಕ್ಕೆ ಹೊಂದಿಕೊಳ್ಳುತ್ತದೆ. ಹೊಂದಿಕೊಳ್ಳುವ ತನಕದ ದಿನಗಳೇ ಕಷ್ಟದವು. ಹೀರುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಸಾಮರ್ಥ್ಯ ಮಗುವಿಗೆ ಸುಮಾರು 34 ವಾರದ ಹೊತ್ತಿಗೆ ಬರತೊಡಗುತ್ತದೆಯಂತೆ. 35 ವಾರಕ್ಕೆ ಹುಟ್ಟಿದ ನಮ್ಮ ಮಕ್ಕಳಲ್ಲಿ ಮಗಳಿಗೆ ಅದು ಬಂದಿತ್ತು, ಮಗನಿಗೆ ಅರ್ಧ ಬಂದಿತ್ತು. ಅವನು ಚುರುಕಾಗಿ ನಾಲ್ಕು ಗುಟುಕು ಎಳೆದು, ಬಾಯಿ ತೆಗೆದುಕೊಂಡೇ ನಿದ್ದೆ ಹೋಗುತ್ತಿದ್ದ. ಹೀಗಾಗಿ ಅವನಿಗೆ ಮೊದಲು ಎದೆಗೆ ಹಚ್ಚಿ, ಅವನು ದಣಿದ ಮೇಲೆ, ಹಿಂಡಿ ತೆಗೆದ ಹಾಲನ್ನು ಒಳಲೆಯಲ್ಲಿ ಕುಡಿಸುತ್ತಿದ್ದೆವು.

ನಮ್ಮ ಮನೆಯ ಹಳೆಯ ಬೆಳ್ಳಿಯ ಒಳಲೆಯನ್ನು ಅಮ್ಮ ಊರಿನಿಂದ ತಂದಿದ್ದರು. ಆಸ್ಪತ್ರೆಯಲ್ಲಿ ಕೊಟ್ಟಿದ್ದ ಸ್ಟೀಲಿನದೂ ಅದೇ ಆಕಾರದ್ದೇ. ಬಾಟಲಿಗಿಂತ ಒಳಲೆಯೇ ಒಳ್ಳೆಯದೆಂದು ವೈದ್ಯರು ಸ್ಪಷ್ಟವಾಗಿ ಹೇಳಿದರು: ತೊಳೆಯುವುದು ಸುಲಭ, ಮೂಲೆಗಳಲ್ಲಿ ಹಾಲು ನಿಲ್ಲುವುದಿಲ್ಲ, ಬಾಟಲಿಯ ನಿಪ್ಪಲ್ ರೂಢಿಯಾಗಿ ಮಗು ಎದೆಯನ್ನು ಬೇಡವೆನ್ನುವ ತೊಂದರೆಯೂ ಇರುವುದಿಲ್ಲ. ಕುಡಿಸುವ ಕ್ರಮ ಮಾತ್ರ ತಾಳ್ಮೆಯದು. ಮಗುವನ್ನು ತೊಡೆಯ ಮೇಲೆ ಅರ್ಧ ಕೂರಿಸಿದಂತೆ ಎತ್ತಿ ಹಿಡಿದು, ಒಳಲೆಯ ಮೂತಿಯನ್ನು ಕೆಳತುಟಿಯ ಒಂದು ಪಕ್ಕಕ್ಕೆ ತಾಗಿಸಿ, ಸ್ವಲ್ಪವೇ ವಾಲಿಸಬೇಕು. ಬಾಯೊಳಗಿನದನ್ನು ನುಂಗಿದ್ದು ಗಂಟಲಲ್ಲಿ ಕಂಡ ಮೇಲೆಯೇ ಮುಂದಿನ ಹನಿ. ಗಟಗಟನೆ ಸುರಿಯಬಾರದು, ಅಳುವಾಗ ಕುಡಿಸಬಾರದು, ಮಲಗಿಸಿಕೊಂಡು ಕುಡಿಸಲೇಬಾರದು. ಪ್ರತಿ ಸಲವೂ ಒಳಲೆಯನ್ನು ಸೋಪಿನಲ್ಲಿ ತೊಳೆದು, ಕುದಿಯುವ ನೀರಿನಲ್ಲಿ ಹಾಕಿಟ್ಟು, ಮುಚ್ಚಿದ ಪಾತ್ರೆಯಲ್ಲಿ ಇಡುತ್ತಿದ್ದೆವು. ಹಿಂಡಿದ ಹಾಲನ್ನು ಹೊರಗೆ ನಾಲ್ಕು ಗಂಟೆಗಿಂತ ಹೆಚ್ಚು ಇಡುತ್ತಿರಲಿಲ್ಲ. ಉಳಿದದ್ದು ಫ್ರಿಜ್ಜಿನ ಒಳಭಾಗದಲ್ಲಿ, ಬಾಗಿಲಿನಲ್ಲಿ ಅಲ್ಲ. ಮತ್ತೆ ಕೊಡುವಾಗ ಒಲೆಯ ಮೇಲೆ ಕಾಯಿಸದೆ ಬಿಸಿನೀರಿನ ಬಟ್ಟಲಿನಲ್ಲಿ ಇಟ್ಟು ಬೆಚ್ಚಗೆ ಮಾಡುತ್ತಿದ್ದೆವು.

ಮಗ ಗಟ್ಟಿಯಾದ ಮೇಲೆ ಇಬ್ಬರಿಗೂ ಏಕಕಾಲಕ್ಕೆ ಹಾಲುಣಿಸುವುದನ್ನು ರೂಢಿಸಿಕೊಂಡೆ. ಅವಳಿಗಳ ಮನೆಯಲ್ಲಿ ಇದರಷ್ಟು ಸಮಯ ಉಳಿಸುವ ಉಪಾಯ ನನಗೆ ಬೇರೆ ಕಂಡಿಲ್ಲ. ಮಂಚದ ತಲೆದೆಸೆಗೆ ಬೆನ್ನು ಆನಿಸಿ ಕುಳಿತು, ಮಡಿಲ ಎರಡೂ ಪಕ್ಕಕ್ಕೆ ದಪ್ಪ ದಿಂಬು ಇಟ್ಟು, ಮಕ್ಕಳ ಕಾಲುಗಳು ನನ್ನ ಬೆನ್ನಿನ ಕಡೆಗೆ ಹೋಗುವಂತೆ ಒಬ್ಬೊಬ್ಬರನ್ನು ಒಂದೊಂದು ಕಂಕುಳಿನ ಕೆಳಗೆ ಮಲಗಿಸಿ, ತಲೆಗಳನ್ನು ಅಂಗೈಗಳಲ್ಲಿ ಹಿಡಿಯುವುದು ಇದರ ವಿಧಾನ. ಎರಡನೆಯ ಮಗುವನ್ನು ಎತ್ತಿಕೊಡಲು ಮೊದಲಿಗೆ ಇನ್ನೊಬ್ಬರು ಬೇಕೇ ಬೇಕು. ಚೆನ್ನಾಗಿ ಹೀರುವ ಮಗಳು ಒಂದು ಕಡೆ ಎಳೆದಾಗ ಎರಡೂ ಕಡೆ ಹಾಲು ಇಳಿಯುತ್ತಿದ್ದುದರಿಂದ ಮಗನಿಗೆ ಶ್ರಮವೇ ಇಲ್ಲದೆ ಹಾಲು ಸಿಗುತ್ತಿತ್ತು. ತಂಗಿಯಲ್ಲ ಅಕ್ಕ ಅವಳು, ಕೆಲವೇ ನಿಮಿಷ ದೊಡ್ಡವಳು. ತಮ್ಮನಿಗೆ ಅವಳು ಮಾಡಿದ ಮೊದಲ ಉಪಕಾರ ಇದೇ ಎಂದು ಅತ್ತೆಯವರು ಇವತ್ತಿಗೂ ಹೇಳುತ್ತಾರೆ. ಒಂದೊಂದು ಹೊತ್ತಿಗೂ ಮಕ್ಕಳ ಪಕ್ಕ ಬದಲಾಯಿಸುತ್ತಿದ್ದೆ. ಇಲ್ಲದಿದ್ದರೆ ಕಡಿಮೆ ಹೀರುವ ಮಗುವಿನ ಕಡೆಯಲ್ಲಿ ಹಾಲು ಕಡಿಮೆಯಾಗುತ್ತಾ ಬರುತ್ತದೆ.

ಹಾಲು ಸಾಲುತ್ತಿದೆಯೇ ಎಂಬುದನ್ನು ಮಗುವಿನ ಅಳುವಿನಿಂದ ತೀರ್ಮಾನಿಸಲಾಗದು. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಲಂಗೋಟಿ ಒದ್ದೆಯಾಗಬೇಕು, ತೂಕ ಏರುತ್ತಿರಬೇಕು. ಈ ಎರಡೇ ಸಾಕ್ಷಿ. ನಮ್ಮ ಬಡಾವಣೆಯ ಆಶಾ ಕಾರ್ಯಕರ್ತೆ ಮನೆ ಭೇಟಿಗೆ ಬಂದಾಗಲೆಲ್ಲ ಇಬ್ಬರನ್ನೂ ಜೋಲಿಯಂಥ ಬಟ್ಟೆಯಲ್ಲಿ ಹಾಕಿ ತೂಗುವ ತಕ್ಕಡಿಯಲ್ಲಿ ತೂಗಿ, ತಾಯಿ ಕಾರ್ಡಿನಲ್ಲಿ ಬರೆದುಕೊಡುತ್ತಿದ್ದರು. ಮಕ್ಕಳು ಇಬ್ಬರಾದ್ದರಿಂದ ಕಾರ್ಡೂ ಎರಡಿರಬೇಕು, ಇದನ್ನು ಕೇಳಿ ಪಡೆಯಿರಿ. ಮನೆಯಲ್ಲಿ ನಾನು ಒಂದು ಉದ್ದ ನೋಟ್‌ಬುಕ್ಕಿನ ಎಡಪುಟವನ್ನು ಮಗಳಿಗೂ ಬಲಪುಟವನ್ನು ಮಗನಿಗೂ ಮೀಸಲಿಟ್ಟು, ಹಾಲು, ಮೂತ್ರ, ಮಲ, ಔಷಧಿ ಇಷ್ಟನ್ನೇ ಗೆರೆ ಎಳೆದು ಗುರುತು ಹಾಕುತ್ತಿದ್ದೆ. ನಿದ್ದೆಗೆಟ್ಟ ಮೂರನೆಯ ಜಾವದಲ್ಲಿ ಯಾರಿಗೆ ಕಬ್ಬಿಣಾಂಶದ ಹನಿ ಹಾಕಿದ್ದಾಯಿತು, ಯಾರಿಗೆ ಇನ್ನೂ ಇಲ್ಲ ಎಂಬುದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಕಡಿಮೆ ತೂಕದ ಮಕ್ಕಳಿಗೆ ಕಬ್ಬಿಣಾಂಶವನ್ನು ವೈದ್ಯರು ಬೇಗನೆ ಆರಂಭಿಸುತ್ತಾರೆ, ಜೊತೆಗೆ ದಿನಕ್ಕೆ 400 ಐಯು ವಿಟಮಿನ್ ಡಿ ಇರುತ್ತದೆ. ಮರೆತರೆ ಒಂದು ತೊಂದರೆ, ಒಬ್ಬರಿಗೇ ಎರಡು ಸಲ ಹಾಕಿದರೆ ಇನ್ನೊಂದು ತೊಂದರೆ.

ಬಜೆ ತೇಯ್ದು ನಾಲಿಗೆಗೆ ಹಚ್ಚುವುದು, ಜೇನುತುಪ್ಪ, ಸಕ್ಕರೆ ನೀರು, ಗ್ರೈಪ್ ವಾಟರ್ ಇವು ಯಾವುವನ್ನೂ ನಾವು ಕೊಡಲಿಲ್ಲ. ಜೇನುತುಪ್ಪದಿಂದ ಒಂದು ವರ್ಷದೊಳಗಿನ ಮಕ್ಕಳಿಗೆ ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರುವ ಸಾಧ್ಯತೆಯಿದೆ. ಮೊದಲ ಆರು ತಿಂಗಳು ನೀರೂ ಬೇಡ. ಅಮ್ಮನಿಗೆ ಇದು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. “ನಿನಗೂ ನಿನ್ನ ಅಣ್ಣಂಗೂ ಬಜೆ ಹಾಕ್ದೋಳು ನಾನೇ ಅಲ್ವೇನವ್ವಾ, ಏನಾಯ್ತು ನಿಮ್ಗೆ?” ಎಂದು ಕೇಳಿದರು. ಅವರೊಂದಿಗೆ ವಾದಕ್ಕೆ ಕೂರದೆ ಮುಂದಿನ ತಪಾಸಣೆಗೆ ಅವರನ್ನೇ ಕರೆದುಕೊಂಡು ಹೋದೆ. ವೈದ್ಯರು ಅವರಿಗೆ ಕುರ್ಚಿ ಹಾಕಿಸಿ ಕೂರಿಸಿ, ಇವು 35 ವಾರದ ಮಕ್ಕಳು, ಇವರ ಕರುಳು ಇನ್ನೂ ಎಳೆಯದು ಎಂದು ನಿಧಾನವಾಗಿ ವಿವರಿಸಿದ ಮೇಲೆ ಅಮ್ಮನೇ ಮನೆಗೆ ಬಂದವರಿಗೆಲ್ಲ ಅದನ್ನು ಹೇಳತೊಡಗಿದರು. ಮನೆಯ ಹಿರಿಯರನ್ನು ವೈದ್ಯರ ಮುಂದೆ ಕೂರಿಸುವುದು ನಾನು ಎಲ್ಲರಿಗೂ ಹೇಳುವ ಸಲಹೆ. ಹಳೆಯ ಬಾಣಂತನದಲ್ಲಿ ಉಳಿಸಿಕೊಳ್ಳಬೇಕಾದದ್ದು ಬಹಳವೇ ಇದೆ: ಬೆಳಗಿನ ಎಣ್ಣೆಯ ಮಾಲಿಷು, ತಾಯಿಗೆ ಹೊತ್ತು ಹೊತ್ತಿಗೆ ಬಿಸಿ ಊಟ, ಬಾಣಂತಿ ಏಳದಂತೆ ನೋಡಿಕೊಳ್ಳುವ ಕಟ್ಟುನಿಟ್ಟು. ಸಾಂಬ್ರಾಣಿ ಹೊಗೆಯನ್ನು ಮಾತ್ರ ಮಕ್ಕಳ ಕೋಣೆಗೆ ತರಲಿಲ್ಲ.

ದಿನಚರಿಯನ್ನು ಒಂದುಗೂಡಿಸಲು ನಾವು ಹಿಡಿದ ದಾರಿ ಸರಳ. ಒಬ್ಬರು ಹಾಲಿಗೆ ಎದ್ದರೆ ಇನ್ನೊಬ್ಬರನ್ನೂ ಎಬ್ಬಿಸುತ್ತಿದ್ದೆವು. ಮಲಗಿರುವ ಮಗುವನ್ನು ಎಬ್ಬಿಸಬಾರದೆಂಬ ಮಾತು ಒಂದೇ ಮಗುವಿರುವ ಮನೆಗೆ ಸರಿ. ಇಬ್ಬರಿರುವಲ್ಲಿ ಅದನ್ನು ಪಾಲಿಸಿದರೆ ಒಬ್ಬರ ಹಾಲು ಮುಗಿಯುವಷ್ಟರಲ್ಲಿ ಇನ್ನೊಬ್ಬರದು ಶುರುವಾಗುತ್ತದೆ. ಅಲ್ಲದೆ ಸಣ್ಣ ತೂಕದ ಮಗು ಹಸಿವಾದರೂ ಮಲಗಿಯೇ ಇರಬಹುದು, ಅದನ್ನು ಎಬ್ಬಿಸಿ ಕುಡಿಸುವುದೇ ಸರಿಯಾದ ಕ್ರಮ. ರಾತ್ರಿಯನ್ನು ಎರಡು ಪಾಳಿ ಮಾಡಿಕೊಂಡೆವು: ಮೊದಲ ಭಾಗದಲ್ಲಿ ತೇಗು ಬರಿಸುವುದು, ಲಂಗೋಟಿ ಬದಲಿಸುವುದು ಯಜಮಾನರ ಕೆಲಸ, ಎರಡನೆಯ ಭಾಗದಲ್ಲಿ ಅಮ್ಮನದು. ಹಾಲುಣಿಸುವುದು ಬಿಟ್ಟು ಬೇರೆ ಯಾವುದಕ್ಕೂ ನಾನು ಏಳಬಾರದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಮಕ್ಕಳನ್ನು ಬೆನ್ನ ಮೇಲೆಯೇ, ಗಟ್ಟಿಯಾದ ಚಪ್ಪಟೆ ಹಾಸಿಗೆಯ ಮೇಲೆ, ದಿಂಬಾಗಲಿ ದಪ್ಪ ರಜಾಯಿಯಾಗಲಿ ಇಲ್ಲದೆ ಮಲಗಿಸುತ್ತಿದ್ದೆವು. ನಾಮಕರಣಕ್ಕೆ ಎರಡು ತೊಟ್ಟಿಲು ಕಟ್ಟಿ ಹೂ ಮುಡಿಸಿ ಶಾಸ್ತ್ರ ಮಾಡಿದ್ದು ಸಂಭ್ರಮವೇ, ಆದರೆ ಸೀರೆಯ ಜೋಲಿಯಲ್ಲಿ ಚಿಕ್ಕ ಮಗುವಿನ ಗದ್ದ ಎದೆಗೆ ತಾಗಿ ಉಸಿರಿಗೆ ತೊಡಕಾಗಬಹುದೆಂದು ಅದನ್ನು ಬಳಸಲಿಲ್ಲ.

ತಾಯಿಯ ಮನಸ್ಸಿನ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಹೆರಿಗೆಯ ನಂತರದ ಮೊದಲ ಒಂದೆರಡು ವಾರ ಕಾರಣವಿಲ್ಲದೆ ಅಳು ಬರುವುದು ಬಹಳ ಜನರಿಗೆ ಆಗುತ್ತದೆ, ತಾನಾಗಿ ಕಡಿಮೆಯೂ ಆಗುತ್ತದೆ. ಅದು ಎರಡು ವಾರ ಮೀರಿ ಮುಂದುವರಿದರೆ, ಮಕ್ಕಳು ಮಲಗಿದ್ದರೂ ನಿದ್ದೆ ಬಾರದಿದ್ದರೆ, ಮಕ್ಕಳನ್ನು ಕಂಡರೆ ಏನೂ ಅನಿಸದಿದ್ದರೆ ಅದನ್ನು ಬಾಣಂತಿಯ ಸ್ವಭಾವವೆಂದು ಬಿಡಬಾರದು. ಅವಳಿಗಳ ತಾಯಂದಿರಲ್ಲಿ ಖಿನ್ನತೆಯ ಸಾಧ್ಯತೆ ಹೆಚ್ಚು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ನಾನು ಆ ಸಂಖ್ಯೆಯನ್ನು ಹೆರಿಗೆಗೆ ಮೊದಲೇ ಯಜಮಾನರ ಫೋನಿನಲ್ಲಿ ಹಾಕಿಸಿಟ್ಟಿದ್ದೆ. ತೊಂದರೆಯಲ್ಲಿರುವವಳು ತಾನೇ ಹುಡುಕಿಕೊಂಡು ಕರೆ ಮಾಡುವ ಸ್ಥಿತಿಯಲ್ಲಿರುವುದಿಲ್ಲ ಎಂಬ ಕಾರಣಕ್ಕೆ.

ಎರಡು ತಪಾಸಣೆಗಳನ್ನು ಯಾರೂ ಮುಂದೂಡಬಾರದು. ಒಂದು ಕಣ್ಣಿನದು. ಅವಧಿಗೆ ಮೊದಲು ಹುಟ್ಟಿದ ಮಕ್ಕಳ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದು ಕುರುಡುತನಕ್ಕೆ ಕಾರಣವಾಗುವ ಆರ್‌ಒಪಿ ಎಂಬ ತೊಂದರೆ ಹೊರಗಿನಿಂದ ನೋಡಿದರೆ ಕಾಣುವುದಿಲ್ಲ. 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳಿಗೆ ಹುಟ್ಟಿದ ಒಂದು ತಿಂಗಳೊಳಗೆ ಈ ಪರೀಕ್ಷೆ ಆಗಬೇಕು. ತೀರಾ ಚಿಕ್ಕ ಮಕ್ಕಳಿಗೆ ಇನ್ನೂ ಬೇಗ. ಕರ್ನಾಟಕದಲ್ಲಿ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಿಂದಾಗಿ ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೇ ಕ್ಯಾಮೆರಾ ತಂದು ಈ ಪರೀಕ್ಷೆ ಮಾಡುವ ವ್ಯವಸ್ಥೆ ಬೆಳೆದಿದೆ. ನಮ್ಮಲ್ಲಿ ತೂಕದ ಕಾರಣಕ್ಕೆ ಮಗನಿಗೆ ಮಾತ್ರ ಸೂಚಿಸಿದ್ದರೂ ಇಬ್ಬರಿಗೂ ಮಾಡಿಸಿದೆವು, ಇಬ್ಬರ ಕಣ್ಣೂ ಸರಿಯಾಗಿದ್ದವು. ಇನ್ನೊಂದು ಕಿವಿಯದು. ಒಂದು ತಿಂಗಳೊಳಗೆ ತಪಾಸಣೆ, ಸಂದೇಹವಿದ್ದರೆ ಮೂರು ತಿಂಗಳೊಳಗೆ ಖಚಿತ ನಿರ್ಣಯ, ಅಗತ್ಯವಿದ್ದರೆ ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ಇದರ ಕಾಲಮಿತಿ. ಮೈಸೂರಿನವರಾದ ನಮಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹತ್ತಿರದಲ್ಲೇ ಇದ್ದದ್ದು ಅನುಕೂಲವಾಯಿತು.

ಲಸಿಕೆಯ ವಿಷಯದಲ್ಲಿ ಅವಳಿಗಳಿಗೆ ವಿಶೇಷವಾದದ್ದು ಒಂದಿದೆ. 6, 10, 14ನೇ ವಾರದ ಪೆಂಟಾವೇಲೆಂಟ್ ಚುಚ್ಚುಮದ್ದಿನ ರಾತ್ರಿ ಇಬ್ಬರಿಗೂ ಒಟ್ಟಿಗೇ ಜ್ವರ ಬರುತ್ತದೆ, ಆದರೆ ಪ್ಯಾರಾಸಿಟಮಾಲ್ ಹನಿಯ ಪ್ರಮಾಣ ತೂಕದ ಮೇಲೆ ನಿಂತಿರುವುದರಿಂದ ಇಬ್ಬರಿಗೂ ಒಂದೇ ಅಳತೆ ಹಾಕುವಂತಿಲ್ಲ. ನಾವು ಎರಡು ಸಣ್ಣ ಸಿರಿಂಜುಗಳನ್ನು ಇಟ್ಟುಕೊಂಡು, ಮಗಳದಕ್ಕೆ ಕೆಂಪು ದಾರ, ಮಗನದಕ್ಕೆ ಕಪ್ಪು ದಾರ ಕಟ್ಟಿ, ವೈದ್ಯರು ಹೇಳಿದ ಅಳತೆಗೆ ಸಿರಿಂಜಿನ ಮೇಲೆಯೇ ಶಾಯಿಯ ಗೆರೆ ಎಳೆದಿದ್ದೆವು. ತೂಕ ಹೆಚ್ಚಿದಂತೆ ಗೆರೆಯನ್ನು ಅಳಿಸಿ ಹೊಸದು ಹಾಕಬೇಕು. ಅವಳಿಗಳ ತಂದೆತಾಯಿ ಮನೆಯಲ್ಲಿ ಮಾಡಿಕೊಳ್ಳಬಹುದಾದ ಅತ್ಯಂತ ಚಿಕ್ಕ, ಅತ್ಯಂತ ಮುಖ್ಯವಾದ ವ್ಯವಸ್ಥೆಗಳಲ್ಲಿ ಇದೊಂದೆಂದು ನನಗೆ ಅನ್ನಿಸುತ್ತದೆ.

ಇನ್ನು ಬೆಳವಣಿಗೆಯ ಮೈಲಿಗಲ್ಲುಗಳಿಗೆ ಬರುತ್ತೇನೆ. ಮುಖ ನೋಡಿ ನಗುವುದು ಸುಮಾರು ಎರಡು ತಿಂಗಳಿಗೆ ಎನ್ನುತ್ತಾರೆ. ನಮ್ಮ ಮಕ್ಕಳು ಕ್ಯಾಲೆಂಡರಿನ ಮೂರನೆಯ ತಿಂಗಳಲ್ಲಿ ನಕ್ಕರು, ತಿದ್ದಿದ ವಯಸ್ಸಿಗೆ ಅದು ಸರಿಯಾಗಿಯೇ ಇತ್ತು. ಮೊದಲು ನಕ್ಕವನು ಮಗ. ತೂಕದಲ್ಲಿ, ಹಾಲು ಕುಡಿಯುವುದರಲ್ಲಿ ಹಿಂದಿದ್ದವನು ಇದರಲ್ಲಿ ಮುಂದೆ ಹೋದದ್ದು ನನ್ನ ಕಣ್ಣು ತೆರೆಸಿತು: ಒಂದು ವಿಷಯದಲ್ಲಿ ನಿಧಾನವಾದ ಮಗು ಎಲ್ಲದರಲ್ಲೂ ನಿಧಾನವೆಂದು ಹೇಳಲು ಬರುವುದಿಲ್ಲ. ಕುತ್ತಿಗೆ ನಿಂತದ್ದು ಮಗಳಿಗೆ ಮೊದಲು. ಎಚ್ಚರವಾಗಿದ್ದಾಗ ಇಬ್ಬರನ್ನೂ ಚಾಪೆಯ ಮೇಲೆ ಬೋರಲು ಮಲಗಿಸಿ ಎದುರುಬದುರು ಇಡುತ್ತಿದ್ದೆವು. ಮಗಳು ತಲೆ ಎತ್ತಿ ತಮ್ಮನನ್ನು ನೋಡುತ್ತಿದ್ದರೆ, ಅವನು ಕೆನ್ನೆಯನ್ನು ಚಾಪೆಗೆ ಒತ್ತಿ ಅಳುತ್ತಿದ್ದ. ಅವನಿಗೆ ನನ್ನ ಎದೆಯ ಮೇಲೆ ಬೋರಲು ಮಲಗಿಸಿಕೊಂಡು ಇದೇ ಅಭ್ಯಾಸ ಮಾಡಿಸಿದೆ. ನನ್ನ ಮುಖ ನೋಡಲೆಂದು ತಲೆ ಎತ್ತುತ್ತಿದ್ದ. ಮಗುಚಿಕೊಂಡದ್ದೂ ಮಗಳೇ ಮೊದಲು. ಆ ದಿನದಿಂದ ಇಬ್ಬರನ್ನೂ ಮಂಚದ ಮೇಲೆ ಬಿಡುವುದನ್ನು ನಿಲ್ಲಿಸಿದೆವು, ಏಕೆಂದರೆ ಅವಳು ಕಲಿತದ್ದನ್ನು ಅವನು ಯಾವ ಕ್ಷಣದಲ್ಲಿ ಮಾಡುತ್ತಾನೆಂದು ಹೇಳುವಂತಿರಲಿಲ್ಲ.

ಇಬ್ಬರೂ ಒಬ್ಬರನ್ನೊಬ್ಬರು ಕಂಡುಕೊಂಡದ್ದು ಸುಮಾರು ಐದನೆಯ ತಿಂಗಳಲ್ಲಿ. ಅದಕ್ಕೆ ಮೊದಲು ಅಕ್ಕಪಕ್ಕದಲ್ಲಿ ಮಲಗಿದ್ದರೂ ಇನ್ನೊಬ್ಬರಿದ್ದಾರೆಂಬ ಪರಿವೆ ಇದ್ದಂತೆ ತೋರುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಗಳು ತನ್ನ ಬಾಯಿಗೆ ಬೆರಳು ಹಾಕಿಕೊಳ್ಳಲು ಹೋಗಿ ತಮ್ಮನ ಕೈ ಹಿಡಿದು, ಅದನ್ನೇ ಬಾಯಿಗಿಟ್ಟು ಚೀಪತೊಡಗಿದಳು. ಮಗ ತನ್ನ ಕೈ ಯಾರು ಎಳೆಯುತ್ತಿದ್ದಾರೆಂದು ತಿರುಗಿ, ಅವಳ ಮುಖವನ್ನು ಬಹಳ ಹೊತ್ತು ನೋಡಿ, ಗಟ್ಟಿಯಾಗಿ ನಕ್ಕ. ಆಮೇಲೆ ಅವರಿಬ್ಬರಿಗೂ ಆಟಿಕೆಗಳ ಅಗತ್ಯ ಬಹಳ ಕಡಿಮೆಯಾಯಿತು.

ಕೂರುವ ಹೊತ್ತಿಗೆ ಹೋಲಿಕೆಯ ಮಾತುಗಳು ಜೋರಾದವು. “ಅವಳು ಆಗ್ಲೇ ಕೂತ್ಕೋತಾಳೆ, ಇವನ್ಯಾಕಮ್ಮಾ ಇನ್ನೂ ವಾಲ್ತಾನೆ?” ಎಂದು ಬಂದವರೆಲ್ಲ ಕೇಳುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದ ಅಂಕಿಗಳನ್ನು ವೈದ್ಯರು ನನಗೆ ತೋರಿಸಿದ್ದು ಆಗ ಬಹಳ ಧೈರ್ಯ ಕೊಟ್ಟಿತು. ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳು, ಅಂಬೆಗಾಲಿಡುವುದು 5.2ರಿಂದ 13.5 ತಿಂಗಳು, ಸ್ವತಂತ್ರವಾಗಿ ನಡೆಯುವುದು 8.2ರಿಂದ 17.6 ತಿಂಗಳು: ಆರೋಗ್ಯವಂತ ಮಕ್ಕಳಲ್ಲೇ ಇಷ್ಟು ಅಗಲದ ವ್ಯಾಪ್ತಿಯಿದೆ. ಒಂದೇ ಮನೆಯ, ಒಂದೇ ದಿನ ಹುಟ್ಟಿದ ಇಬ್ಬರು ಆ ವ್ಯಾಪ್ತಿಯ ಎರಡು ತುದಿಗಳಲ್ಲಿ ಇರಬಹುದು, ಇಬ್ಬರೂ ಸರಿಯಾಗಿಯೇ ಇರಬಹುದು. ಅದೇ ಅಧ್ಯಯನದಲ್ಲಿ ನೂರಕ್ಕೆ ಸುಮಾರು ನಾಲ್ಕು ಮಕ್ಕಳು ಅಂಬೆಗಾಲನ್ನೇ ಇಡಲಿಲ್ಲವೆಂಬ ವಿವರವೂ ಇತ್ತು, ನಮ್ಮ ಮಗ ಆ ಗುಂಪಿಗೆ ಸೇರಿದವನು. ಮಗಳು ಅಂಬೆಗಾಲಿನಲ್ಲಿ ಮನೆಯೆಲ್ಲ ಸುತ್ತಿ ಹೊಸ್ತಿಲು ದಾಟಿದ ದಿನ ಅತ್ತೆಯವರು ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, ಕೊಬ್ಬರಿ ಸಕ್ಕರೆ ಹಂಚಿದರು. ಮಗ ಕೂತಲ್ಲಿಂದಲೇ ಒಂದು ಕಾಲು ಮಡಿಸಿ, ಇನ್ನೊಂದು ಕಾಲಿನಿಂದ ನೆಲ ತಳ್ಳುತ್ತಾ ಜರುಗಿಕೊಂಡು ಹೋಗುತ್ತಿದ್ದ. ಅವನು ಹಾಗೆಯೇ ಜರುಗುತ್ತಾ ಹೊಸ್ತಿಲು ದಾಟಿದಾಗಲೂ ಅತ್ತೆ ಮತ್ತೊಮ್ಮೆ ಅಷ್ಟೇ ಶ್ರದ್ಧೆಯಿಂದ ಪೂಜೆ ಮಾಡಿ, ಅಷ್ಟೇ ಕೊಬ್ಬರಿ ಸಕ್ಕರೆ ಹಂಚಿದರು. ಅವರಿಗೆ ನಾನು ಇದಕ್ಕಾಗಿ ಸದಾ ಋಣಿ.

ಹಾಗೆಂದು ಎಲ್ಲವನ್ನೂ “ತಾನಾಗೇ ಬರುತ್ತೆ ಬಿಡಿ” ಎಂದು ಬಿಡುವುದನ್ನೂ ನಾನು ಒಪ್ಪುವುದಿಲ್ಲ. ನಮ್ಮ ವೈದ್ಯರು ಹೇಳಿದ್ದ ಎಚ್ಚರಿಕೆಯ ಗುರುತುಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟಿದ್ದೆ: ತಿದ್ದಿದ ವಯಸ್ಸಿನಲ್ಲಿ ಮೂರು ತಿಂಗಳಾದರೂ ಮುಖ ನೋಡಿ ನಗದಿರುವುದು, ಐದು ತಿಂಗಳಾದರೂ ಕುತ್ತಿಗೆ ನಿಲ್ಲದಿರುವುದು, ಮುಷ್ಟಿಗಳು ಸದಾ ಬಿಗಿದೇ ಇರುವುದು, ಒಂದು ವರ್ಷದೊಳಗೇ ಒಂದು ಕೈಯನ್ನು ಮಾತ್ರ ಬಳಸುವುದು, ಹದಿನೆಂಟು ತಿಂಗಳಾದರೂ ನಡೆಯದಿರುವುದು, ಶಬ್ದಕ್ಕೆ ತಿರುಗದಿರುವುದು. ಬಂದಿದ್ದ ಕೌಶಲ ಹೊರಟುಹೋದರಂತೂ ಯಾವ ವಯಸ್ಸಿನಲ್ಲಾದರೂ ಕಾಯದೆ ತೋರಿಸಬೇಕು. ಮಗ ಜರುಗುವ ರೀತಿಯನ್ನು ನಾನು ಫೋನಿನಲ್ಲಿ ಚಿತ್ರೀಕರಿಸಿಕೊಂಡು ಹೋಗಿ ವೈದ್ಯರಿಗೆ ತೋರಿಸಿದೆ. ಅವರು ಅವನ ಎರಡೂ ಕಾಲುಗಳ ಬಿಗಿತವನ್ನು ಪರೀಕ್ಷಿಸಿ, ಚಿಂತೆಯಿಲ್ಲವೆಂದರು. ಚಿತ್ರೀಕರಣ ಬಹಳ ಉಪಯುಕ್ತ, ಏಕೆಂದರೆ ಕ್ಲಿನಿಕ್ಕಿನಲ್ಲಿ ಮಕ್ಕಳು ಮನೆಯಲ್ಲಿ ಮಾಡಿದ್ದನ್ನು ಮಾಡುವುದಿಲ್ಲ. ಬಂಧುಗಳೊಬ್ಬರು ಪ್ರೀತಿಯಿಂದ ಕೊಟ್ಟ ಚಕ್ರದ ವಾಕರುಗಳನ್ನು ನಾವು ಬಳಸಲಿಲ್ಲ. ಅವು ನಡಿಗೆಯನ್ನು ಬೇಗ ಕಲಿಸುವುದಿಲ್ಲ, ಬೀಳುವ ಅಪಾಯ ಹೆಚ್ಚು, ಕೆನಡಾದಲ್ಲಿ 2004ರಿಂದ ಅವುಗಳ ಮಾರಾಟವೇ ನಿಷಿದ್ಧ. ಮಗಳು ವರ್ಷ ತುಂಬಿ ಸ್ವಲ್ಪ ದಿನಕ್ಕೆ ನಡೆದಳು, ಮಗನಿಗೆ ಇನ್ನೂ ಮೂರು ತಿಂಗಳು ಹಿಡಿಯಿತು. ನಡುವಿನ ಆ ತಿಂಗಳುಗಳಲ್ಲಿ ಅವನ ಬೆರಳುಗಳು ಮಾತ್ರ ಬಹಳ ಚುರುಕಾಗಿದ್ದವು: ನೆಲದ ಮೇಲೆ ಬಿದ್ದ ಅನ್ನದ ಒಂದೇ ಅಗುಳನ್ನು ಹೆಬ್ಬೆರಳು ತೋರುಬೆರಳ ತುದಿಯಿಂದ ಹೆಕ್ಕಿ, ತಿರುಗಿಸಿ ನೋಡಿ, ನನಗೆ ತಂದು ಕೊಡುತ್ತಿದ್ದ.

ಮೇಲಾಹಾರವನ್ನು ಆರು ತಿಂಗಳು ತುಂಬಿದ ಮೇಲೆ, ಕುತ್ತಿಗೆ ಗಟ್ಟಿಯಾಗಿ ಆಸರೆಯಿಂದ ಕೂರುವುದನ್ನೂ ಚಮಚವನ್ನು ನಾಲಿಗೆಯಿಂದ ಹೊರದಬ್ಬದಿರುವುದನ್ನೂ ನೋಡಿಕೊಂಡು ಆರಂಭಿಸಿದೆವು. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಅಮ್ಮ ಮಾಡಿದ ರಾಗಿ ಸರಿಯೇ ಇಬ್ಬರ ಮೊದಲ ಊಟ. ಮೊಳಕೆ ಬಂದ ರಾಗಿಯ ಸರಿ ತೆಳುವಾಗಿದ್ದರೂ ಸತ್ವವುಳ್ಳದ್ದು. ಉಪ್ಪು, ಸಕ್ಕರೆ ಹಾಕಲಿಲ್ಲ. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಒಬ್ಬರಿಗೊಂದು ಚಮಚದಂತೆ ಸರದಿಯಲ್ಲಿ ತಿನ್ನಿಸಿದರೆ, ಒಬ್ಬರು ನುಂಗುವಷ್ಟರಲ್ಲಿ ಇನ್ನೊಬ್ಬರ ಸರದಿ ಬರುತ್ತದೆ. ತಿನ್ನಿಸುವವರ ಆತುರವೂ ತಾನಾಗಿ ಕಡಿಮೆಯಾಗುತ್ತದೆ.

180 ದಿನಗಳ ಹೆರಿಗೆ ರಜೆ ಮುಗಿದು ನಾನು ಶಾಲೆಗೆ ಹೋಗತೊಡಗಿದ ಮೇಲೆ ನಮ್ಮ ಗಮನವೆಲ್ಲ ಮಾತಿನ ಕಡೆಗೆ ಹೋಯಿತು. ಅವಳಿ ಮಕ್ಕಳು ಮಾತನ್ನು ಸ್ವಲ್ಪ ತಡವಾಗಿ ಕಲಿಯುವುದು ಸಾಮಾನ್ಯ. ಅವಧಿಗೆ ಮೊದಲು ಹುಟ್ಟುವುದು ಒಂದು ಕಾರಣವಾದರೆ, ದೊಡ್ಡವರ ಮಾತು ಇಬ್ಬರ ನಡುವೆ ಹಂಚಿಹೋಗಿ, ಒಬ್ಬೊಬ್ಬರನ್ನೇ ಕಣ್ಣಲ್ಲಿ ಕಣ್ಣಿಟ್ಟು ಮಾತನಾಡಿಸುವುದು ಕಡಿಮೆಯಾಗುವುದು ಇನ್ನೊಂದು ಕಾರಣ. “ಬನ್ನಿ ಮಕ್ಕಳೇ, ಕೂತ್ಕೊಳಿ, ತಿನ್ನಿ” ಎಂದು ಇಬ್ಬರಿಗೂ ಸೇರಿಸಿ ಹೇಳುವುದೇ ದಿನವಿಡೀ ನಡೆಯುತ್ತದೆ. ಅದಕ್ಕಾಗಿ ಸಂಜೆ ನಾನು ಒಬ್ಬರನ್ನು ಕರೆದುಕೊಂಡು ಜಗಲಿಗೆ ಹೋದರೆ, ಯಜಮಾನರು ಇನ್ನೊಬ್ಬರನ್ನು ಎತ್ತಿಕೊಂಡು ತರಕಾರಿ ಅಂಗಡಿಗೆ ಹೋಗುತ್ತಾರೆ, ಮಾರನೆಯ ದಿನ ಅದಲುಬದಲು. ಹೆಸರು ಹಿಡಿದು ಕರೆಯುವುದು, ಮಗು ತೋರಿಸಿದ್ದಕ್ಕೆ ಹೆಸರು ಹೇಳುವುದು, ಅದು ಉತ್ತರವಾಗಿ ಮಾಡುವ ಸದ್ದಿಗೆ ಕಾಯುವುದು, ಇಷ್ಟೇ ಆ ಹೊತ್ತಿನ ಕೆಲಸ. ಫೋನನ್ನು ಇಬ್ಬರ ಕೈಗೂ ಕೊಡುವುದಿಲ್ಲ. ಮಗಳಿಗೆ ಈಗ ಬಿಡಿ ಮಾತುಗಳು ಸಾಕಷ್ಟು ಬಂದಿವೆ. ಮಗನ ಮಾತುಗಳು ಕಡಿಮೆ, ಆದರೆ ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತದೆ, ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಾನೆ. ಎರಡು ವರ್ಷದ ಹೊತ್ತಿಗೆ ಎರಡು ಪದಗಳನ್ನು ಸೇರಿಸಿ ಮಾತನಾಡುವುದನ್ನು ನೋಡಬೇಕೆಂದು ವೈದ್ಯರು ಹೇಳಿದ್ದಾರೆ. ಅದು ಬಾರದಿದ್ದರೆ ತಡಮಾಡದೆ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ಯುವುದೆಂದು ಮನೆಯಲ್ಲಿ ಈಗಲೇ ನಿಶ್ಚಯಿಸಿಕೊಂಡಿದ್ದೇವೆ, ಮತ್ತು ಹೋಗಬೇಕಾಗಿ ಬಂದರೆ ಮಗನನ್ನು ಮಾತ್ರ ಕರೆದೊಯ್ಯುತ್ತೇವೆ, ಆ ಹೊತ್ತು ಪೂರ್ತಿಯಾಗಿ ಅವನದೇ ಆಗಿರಲೆಂದು.